ಒಮ್ಮೆ ಅಡುಗೆ, ಹಲವು ಊಟ: ಹೆಚ್ಚಾಗಿ ಬೇಯಿಸಿ ಫ್ರೀಜರಿನಲ್ಲಿಡುವ ಕ್ರಮ

ಒಂದೇ ಸಲ ಹೆಚ್ಚಾಗಿ ಅಡುಗೆ ಮಾಡಿ, ಒಂದೊಂದು ಊಟಕ್ಕೆ ಬೇಕಾಗುವಷ್ಟು ಪಾಲು ಮಾಡಿ ಫ್ರೀಜರಿನಲ್ಲಿಟ್ಟು, ಬೇಕೆಂದಾಗ ತೆಗೆದು ಬಿಸಿ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಯೋಚಿಸುವುದು ಯಾವ ಅಡುಗೆ ಮಾಡಬೇಕು, ಎಂಥ ಡಬ್ಬಿ ಕೊಳ್ಳಬೇಕು ಎಂಬುದನ್ನು. ಇವೆರಡೂ ಬೇಕಾದ ವಿಚಾರಗಳೇ. ಆದರೆ ಹಾಗೆ ಇಟ್ಟ ಊಟ ಎರಡು ತಿಂಗಳ ನಂತರವೂ ರುಚಿಯಾಗಿರುತ್ತದೆಯೇ, ತಿಂದವರ ಹೊಟ್ಟೆ ಕೆಡದೆ ಇರುತ್ತದೆಯೇ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುವುದು ಒಲೆ ಆರಿಸಿದ ಮೇಲಿನ ನಾಲ್ಕೈದು ಗಂಟೆಗಳಲ್ಲಿ. ಬಿಸಿ ಅಡುಗೆ ಎಷ್ಟು ಬೇಗ ತಣಿಯಿತು, ತಣಿದದ್ದು ಎಷ್ಟು ಬೇಗ ಗಟ್ಟಿಯಾಯಿತು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಕೆಲಸವೆಲ್ಲ ತಿರುಗುವುದರಿಂದ, ಈ ಲೇಖನದಲ್ಲಿಯೂ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದೆ.

ಫ್ರೀಜರ್ ಮಾಡುವ ಕೆಲಸ

ಫ್ರೀಜರಿನ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆ ಶೀತದಲ್ಲಿ ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಂತುಹೋಗುತ್ತದೆ. ನಿಲ್ಲುತ್ತದೆಯೇ ಹೊರತು ಅವು ಸಾಯುವುದಿಲ್ಲ. ಒಳಗೆ ಹೋಗುವಾಗ ಅಡುಗೆಯಲ್ಲಿ ಎಷ್ಟು ಇದ್ದವೋ ಹೆಚ್ಚು ಕಡಿಮೆ ಅಷ್ಟೇ ಹೊರಗೆ ಬರುವಾಗಲೂ ಇರುತ್ತವೆ, ಮಂಜು ಕರಗಿ ಬೆಚ್ಚಗಾಗುತ್ತಲೇ ಮತ್ತೆ ಬೆಳೆಯಲು ತೊಡಗುತ್ತವೆ. ಆದ್ದರಿಂದ ಹಳಸುವ ಹಂತಕ್ಕೆ ಬಂದಿರುವ ಅಡುಗೆಯನ್ನು "ಸದ್ಯಕ್ಕೆ ಫ್ರೀಜರಿಗೆ ಹಾಕಿಡೋಣ" ಎಂದು ಎತ್ತಿಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಒಳ್ಳೆಯದನ್ನು ಒಳ್ಳೆಯದಾಗಿಯೇ ಇರಿಸುವುದಷ್ಟೇ ಈ ಯಂತ್ರಕ್ಕೆ ಸಾಧ್ಯ. ಕೊಬ್ಬಿನ ಅಂಶ ಗಾಳಿಯೊಡನೆ ಸೇರಿ ಕಮಟಾಗುವ ಕ್ರಿಯೆ ಮಾತ್ರ ಅಷ್ಟು ಶೀತದಲ್ಲಿಯೂ ನಿಧಾನವಾಗಿ ಮುಂದುವರಿಯುತ್ತದೆ. ಮೈನಸ್ 18ರಲ್ಲಿ ಒಂದೇ ಸಮನೆ ಇರುವ ಆಹಾರ ವರ್ಷಗಟ್ಟಲೆ ಸುರಕ್ಷಿತವಾಗಿದ್ದರೂ, ಅದರ ರುಚಿ ಅಷ್ಟು ದಿನ ಉಳಿಯದಿರುವುದಕ್ಕೆ ಇದೊಂದು ಕಾರಣ.

ಮನೆಯಲ್ಲಿರುವುದು ನಿಜವಾದ ಫ್ರೀಜರೇ ಅಲ್ಲವೇ ಎಂದು ಮೊದಲು ನೋಡಿಕೊಳ್ಳಬೇಕು. ಒಂದೇ ಬಾಗಿಲಿನ ಫ್ರಿಜ್‌ನೊಳಗೆ ಮೇಲ್ಗಡೆ ಇರುವ ಐಸ್ ಪೆಟ್ಟಿಗೆ ಅನೇಕ ವೇಳೆ ಮೈನಸ್ 18ರ ಹತ್ತಿರಕ್ಕೂ ಬರುವುದಿಲ್ಲ. ಕೆಲವು ಫ್ರಿಜ್‌ಗಳಲ್ಲಿ ಈ ಭಾಗದ ಮೇಲೆ ನಕ್ಷತ್ರದ ಗುರುತುಗಳಿರುತ್ತವೆ: ಒಂದು ನಕ್ಷತ್ರವೆಂದರೆ ಮೈನಸ್ 6 ಡಿಗ್ರಿ, ಎರಡೆಂದರೆ ಮೈನಸ್ 12, ಮೂರೆಂದರೆ ಮೈನಸ್ 18, ನಾಲ್ಕಿದ್ದರೆ ಆ ಭಾಗಕ್ಕೆ ಹೊಸದಾಗಿ ಮಾಡಿದ ಆಹಾರವನ್ನು ಗಟ್ಟಿಗೊಳಿಸುವ ಶಕ್ತಿಯೂ ಉಂಟು. ಒಂದೆರಡು ನಕ್ಷತ್ರದ ಪೆಟ್ಟಿಗೆಯನ್ನು ನೆಚ್ಚಿಕೊಂಡು ತಿಂಗಳ ಊಟ ಮಾಡಿಡುವುದು ಸರಿಯಲ್ಲ. ಗುರುತು ಇಲ್ಲದಿದ್ದರೆ ಫ್ರೀಜರಿನೊಳಗೆ ಇಡುವ ಸಣ್ಣ ಥರ್ಮಾಮೀಟರೊಂದನ್ನು ಕೊಂಡರೆ ಸಂಶಯ ಪರಿಹಾರವಾಗುತ್ತದೆ. ಈ ಕೆಲಸಕ್ಕೆ ಕೊಳ್ಳಬೇಕಾದ ಮೊದಲ ವಸ್ತು ಡಬ್ಬಿಗಳಲ್ಲ, ಅದು.

ಇನ್ನು ಗಟ್ಟಿಯಾಗುವ ವೇಗದ ಮಾತು. ಆಹಾರದಲ್ಲಿರುವ ನೀರಿನ ಬಹುಭಾಗ ಮೈನಸ್ 1 ಮತ್ತು ಮೈನಸ್ 5 ಡಿಗ್ರಿಗಳ ನಡುವೆ ಮಂಜಾಗುತ್ತದೆ. ಈ ಅಂತರವನ್ನು ನಿಧಾನವಾಗಿ ದಾಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ, ಮಾಂಸದ ಜೀವಕೋಶಗಳನ್ನು ಹರಿದುಹಾಕುತ್ತವೆ. ಕರಗಿದಾಗ ನೀರು ಬಸಿದುಹೋಗಿ ಪದಾರ್ಥ ಸಪ್ಪೆಯಾಗುತ್ತದೆ. ವೇಗವಾಗಿ ದಾಟಿದರೆ ಹರಳುಗಳು ಸಣ್ಣವಾಗಿಯೇ ಉಳಿಯುತ್ತವೆ. ಕಳೆದ ಶತಮಾನದ ಎರಡನೆಯ ದಶಕದಲ್ಲಿ, ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರ್‌ನಲ್ಲಿದ್ದ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, ಅಲ್ಲಿನ ಇನುಯಿಟ್ ಜನ ಕೊರೆಯುವ ಗಾಳಿಯಲ್ಲಿ ಹಿಡಿದ ಮೀನು ಹಿಡಿದ ಕೂಡಲೇ ಕಲ್ಲಿನಂತಾಗಿ, ಎಷ್ಟೋ ದಿನಗಳ ಮೇಲೆ ಬೇಯಿಸಿದರೂ ತಾಜಾ ಮೀನಿನಂತೆಯೇ ಇರುವುದನ್ನು ಕಂಡರು. ಮುಂದೆ 1920ರ ದಶಕದಲ್ಲಿ ಅವರು ರೂಪಿಸಿದ ಶೀಘ್ರ ಶೀತಲೀಕರಣದ ಯಂತ್ರಗಳು ಆಹಾರವನ್ನು ತೆಳು ಪೊಟ್ಟಣಗಳಾಗಿ ಮಾಡಿ, ಶೀತಲ ಲೋಹದ ಫಲಕಗಳ ನಡುವೆ ಒತ್ತಿ ಹಿಡಿಯುತ್ತಿದ್ದವು. ಅಂಥ ಯಂತ್ರ ಮನೆಯಲ್ಲಿರಲು ಸಾಧ್ಯವಿಲ್ಲವಾದರೂ ತೆಳು ಪೊಟ್ಟಣವನ್ನು ಯಾರು ಬೇಕಾದರೂ ಮಾಡಬಹುದು.

ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ

ನೀರು ಅಥವಾ ರಸದಲ್ಲಿ ಮುಳುಗಿ ನಿಧಾನವಾಗಿ ಬೆಂದ ಅಡುಗೆಗಳೆಲ್ಲ ಫ್ರೀಜರನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಬೇಯಿಸಿದ ಕಾಳು, ಬೇಳೆ, ಸೂಪು, ಗಟ್ಟಿ ಸಾರು, ರಸದಲ್ಲಿ ಬೆಂದ ಮಾಂಸ, ಖೈಮಾ, ಟೊಮೆಟೊ ಮತ್ತು ಈರುಳ್ಳಿಯನ್ನು ಹುರಿದು ಮಾಡಿದ ಮಸಾಲೆ, ಬರೀ ಅನ್ನ, ಬ್ರೆಡ್ಡು ಇವೆಲ್ಲ ಈ ಗುಂಪಿಗೆ ಸೇರಿದವು. ಮಸಾಲೆಯ ವಿಷಯದಲ್ಲಿ ಒಂದು ಅಭಿಪ್ರಾಯ ಹೇಳಬೇಕೆನಿಸುತ್ತದೆ: ಹೊಸದಾಗಿ ಆರಂಭಿಸುವವರು ಪೂರ್ತಿ ಊಟಕ್ಕಿಂತ ಇಂಥ ಅರ್ಧ ಅಡುಗೆಯನ್ನು, ಅಂದರೆ ಹುರಿದ ಮಸಾಲೆ, ಬೆಂದ ಕಾಳು, ಎಲುಬಿನ ಅಥವಾ ತರಕಾರಿಯ ರಸವನ್ನು ಮಾಡಿಡುವುದು ಹೆಚ್ಚು ಉಪಯುಕ್ತ. ಒಂದೇ ಕಾಳು ಒಂದು ದಿನ ಸೂಪಿಗೆ, ಇನ್ನೊಂದು ದಿನ ಪಲ್ಯಕ್ಕೆ ಒದಗುತ್ತದೆ, ಒಂದೇ ರುಚಿಯನ್ನು ಹತ್ತು ಸಲ ಉಣ್ಣಬೇಕಾದ ಬೇಸರ ಇರುವುದಿಲ್ಲ.

ತಡೆಯದವುಗಳಲ್ಲಿ ಆಲೂಗಡ್ಡೆಯ ದೊಡ್ಡ ಹೋಳು ಮುಖ್ಯವಾದದ್ದು. ಕರಗಿದ ಮೇಲೆ ಅದು ಮರಳು ಮರಳಾಗಿ, ಒಳಗೆ ನೀರು ತುಂಬಿದ ಸ್ಪಂಜಿನಂತಾಗುತ್ತದೆ. ಚೆನ್ನಾಗಿ ಮಸೆದು ಬೆಣ್ಣೆ ಬೆರೆಸಿದ ಆಲೂಗಡ್ಡೆ ಮಾತ್ರ ಪರವಾಗಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿ ಭಾಗ ರಬ್ಬರಿನಂತಾಗುತ್ತದೆ. ಸೌತೆಕಾಯಿ, ಲೆಟ್ಯೂಸ್ ಮುಂತಾಗಿ ಹಸಿಯಾಗಿ ತಿನ್ನುವವು ಸೊರಗಿ ನೀರಾಗುತ್ತವೆ. ಮೊಸರು, ಕೆನೆ, ಮಯೊನೇಸ್ ಸೇರಿದ ರಸಗಳು ಒಡೆಯುತ್ತವೆ, ಕಾರ್ನ್‌ಫ್ಲೋರ್ ಅಥವಾ ಮೈದಾ ಹಾಕಿ ಗಟ್ಟಿ ಮಾಡಿದ ರಸ ಕರಗಿದಾಗ ನೀರು ಬಿಡುತ್ತದೆ. ಇವಕ್ಕೆಲ್ಲ ಉಪಾಯ ಒಂದೇ: ಕೆನೆ, ಮೊಸರು, ಗಟ್ಟಿ ಮಾಡುವ ಹಿಟ್ಟು, ಆಲೂಗಡ್ಡೆ ಇವನ್ನು ಬಿಟ್ಟು ಉಳಿದದ್ದನ್ನು ಮಾಡಿಟ್ಟು, ಬಿಸಿ ಮಾಡುವ ದಿನ ಇವನ್ನು ಸೇರಿಸುವುದು. ಕರಿದ ಪದಾರ್ಥಗಳ ಗರಿಗರಿತನವಂತೂ ಉಳಿಯುವುದಿಲ್ಲ.

ಹಸಿ ತರಕಾರಿಯನ್ನು ಹಾಗೆಯೇ ಇಡುವುದಾದರೆ ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆದು, ಕೂಡಲೇ ಐಸ್ ನೀರಿಗೆ ಹಾಕಬೇಕು. ಬಟಾಣಿಗೆ ಒಂದೂವರೆ ನಿಮಿಷ, ಹುರುಳಿಕಾಯಿಗೆ ಮೂರು ನಿಮಿಷ ಸಾಕು. ಇದರಿಂದ ಬಣ್ಣವನ್ನೂ ರುಚಿಯನ್ನೂ ಕೆಡಿಸುವ ಕಿಣ್ವಗಳು ನಿಷ್ಕ್ರಿಯವಾಗುತ್ತವೆ.

ಅಡುಗೆ ಮಾಡುವಾಗ

ನಾಲ್ಕು ಜನರ ಅಡುಗೆಯ ಅಳತೆಯನ್ನು ನಾಲ್ಕರಿಂದ ಗುಣಿಸಿದ ಮಾತ್ರಕ್ಕೆ ಹದಿನಾರು ಜನರ ಅಡುಗೆ ಆಗುವುದಿಲ್ಲ. ನೀರು ಆವಿಯಾಗುವುದು ಪಾತ್ರೆಯ ಬಾಯಿಯಿಂದ. ಪಾತ್ರೆ ದೊಡ್ಡದಾದಾಗ ಬಾಯಿಯ ಅಗಲ ಪದಾರ್ಥದ ಪ್ರಮಾಣದಷ್ಟೇ ಹೆಚ್ಚುವುದಿಲ್ಲವಾದ್ದರಿಂದ ನಾಲ್ಕರಷ್ಟು ನೀರು ಹಾಕಿದರೆ ರಸ ತೆಳ್ಳಗಾಗುತ್ತದೆ. ಮೂರರಷ್ಟು ಹಾಕಿ ಆರಂಭಿಸಿ, ಬೇಕೆನಿಸಿದರೆ ಬಿಸಿನೀರು ಸೇರಿಸುವುದು ಲೇಸು. ಉಪ್ಪು ಖಾರಗಳನ್ನೂ ಹಾಗೆಯೇ ಸ್ವಲ್ಪ ಕಡಿಮೆಯಿಂದ ತೊಡಗಿ ರುಚಿ ನೋಡುತ್ತ ಏರಿಸಬೇಕು. ಮೆಣಸು, ಲವಂಗ, ಬೆಳ್ಳುಳ್ಳಿ ಫ್ರೀಜರಿನಲ್ಲಿದ್ದಷ್ಟು ದಿನವೂ ಘಾಟು ಹೆಚ್ಚಿಸಿಕೊಂಡು ಕೆಲವೊಮ್ಮೆ ಕಹಿಯಾಗುತ್ತವೆ, ಉಪ್ಪಿನ ರುಚಿ ಮಾತ್ರ ಮಂಕಾಗುತ್ತದೆ. ಆದ್ದರಿಂದ ಆ ಮೂರನ್ನು ಕೈಬಿಗಿ ಹಿಡಿದು ಹಾಕಿ, ಉಪ್ಪನ್ನು ಬಿಸಿ ಮಾಡುವ ದಿನ ಸರಿಪಡಿಸಿಕೊಳ್ಳಬಹುದು. ಹಸಿರು ಸೊಪ್ಪುಗಳನ್ನು ಉದುರಿಸುವುದೂ ಆ ದಿನಕ್ಕೇ ಇರಲಿ.

ದಪ್ಪ ರಸದ ದೊಡ್ಡ ಪಾತ್ರೆ ತಳ ಹಿಡಿಯುವುದು ಬೇಗ. ತಳ ಹತ್ತಿದರೆ ಆ ಸೀದ ವಾಸನೆ ಹದಿನಾರು ಊಟಕ್ಕೂ ಹರಡುತ್ತದೆಯಾದ್ದರಿಂದ, ದೊಡ್ಡ ಪಾತ್ರೆಯೊಂದಕ್ಕಿಂತ ಮಧ್ಯಮ ಗಾತ್ರದ ಎರಡು ಪಾತ್ರೆಗಳಲ್ಲಿ ಬೇಯಿಸುವುದೇ ವಾಸಿ. ತರಕಾರಿಯನ್ನು, ಪಾಸ್ತಾವನ್ನು ಸ್ವಲ್ಪ ಬಿಗಿಯಾಗಿರುವಾಗಲೇ ಇಳಿಸಬೇಕು. ಮುಂದೆ ಬಿಸಿ ಮಾಡುವಾಗ ಅವು ಇನ್ನೊಂದು ಸಲ ಬೇಯುವುದಿದೆ. ಕಾಳುಗಳಲ್ಲಿ ಕೆಂಪು ರಾಜ್ಮಾ ಒಂದಕ್ಕೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ: ಅದರಲ್ಲಿ ಸಹಜವಾಗಿಯೇ ಇರುವ ವಿಷಕಾರಿ ಲೆಕ್ಟಿನ್ ನಾಶವಾಗಬೇಕಾದರೆ, ನೆನೆಹಾಕಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ ಅರ್ಧ ಗಂಟೆಯಾದರೂ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಕುದಿ ಬಾರದ ಸಣ್ಣ ಶಾಖದ ಕುಕ್ಕರಿನಲ್ಲಿ ಹಸಿ ರಾಜ್ಮಾ ಬೇಯಿಸುವುದು ಅಪಾಯಕರ.

ತಣಿಸುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುವುದು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ. ಅಡುಗೆ ಕುದಿದಾಗ ಬಹುತೇಕ ಎಲ್ಲವೂ ಸಾಯುತ್ತವೆ ಎಂಬುದು ನಿಜ; ಆದರೆ ಕೆಲವು ಜಾತಿಯವು ಸ್ಪೋರ್ ಎಂಬ ಗಟ್ಟಿ ಕವಚದ ರೂಪದಲ್ಲಿ ಕುದಿಯನ್ನೂ ದಾಟಿ ಬದುಕಿ, ಅಡುಗೆ ತಣಿದು ಬೆಚ್ಚಗಿನ ಹದಕ್ಕೆ ಇಳಿಯುತ್ತಿದ್ದಂತೆ ಮೊಳೆಯುತ್ತವೆ. ಮಾಂಸದ ರಸ, ಕಾಳಿನ ಸಾರು ಮುಂತಾದ ದೊಡ್ಡ ಪಾತ್ರೆಯ ಅಡುಗೆಗಳಲ್ಲಿ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್, ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಇಂಥವು. ಮೊದಲನೆಯದು ತನಗೆ ಅನುಕೂಲವಾದ 45 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದೇ ಒಂದು ಕೋಶ ಮೂರು ಗಂಟೆಯಲ್ಲಿ ಎರಡೂವರೆ ಲಕ್ಷವನ್ನು ದಾಟುತ್ತದೆ. ಎರಡನೆಯದು ಅನ್ನದಲ್ಲಿ ಬಿಡುವ ವಾಂತಿಕಾರಕ ವಿಷ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಅಂದರೆ ನಿಧಾನವಾಗಿ ತಣಿದ ಅನ್ನವನ್ನು ಮುಂದೆ ಎಷ್ಟೇ ಬಿಸಿ ಮಾಡಿದರೂ ತಪ್ಪು ತಿದ್ದಿದಂತಾಗುವುದಿಲ್ಲ.

ಆದ್ದರಿಂದ ದೊಡ್ಡ ಪ್ರಮಾಣದ ಅಡುಗೆಮನೆಗಳಲ್ಲಿ ಎರಡು ಹಂತದ ನಿಯಮವೊಂದು ರೂಢಿಯಲ್ಲಿದೆ. ಬೆಂದ ಅಡುಗೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಎರಡು ಗಂಟೆಯೊಳಗೆ 21 ಡಿಗ್ರಿಗೆ, ಅಲ್ಲಿಂದ ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕು. ಮನೆಯಲ್ಲಿ ಇದನ್ನೇ ಸರಳಗೊಳಿಸಿ, ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅಡುಗೆ ಫ್ರಿಜ್ ಅಥವಾ ಫ್ರೀಜರಿನೊಳಗೆ ಸೇರಿರಬೇಕು, ಕೋಣೆಯ ಉಷ್ಣತೆಯೇ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆಯೊಳಗೆ, ಎಂದು ಇಟ್ಟುಕೊಳ್ಳಬಹುದು. ಅನ್ನಕ್ಕಂತೂ ಯಾವ ಕಾಲದಲ್ಲಿಯೂ ಒಂದು ಗಂಟೆಯ ಲೆಕ್ಕವೇ ಒಳ್ಳೆಯದು.

ಐದು ಲೀಟರಿನ ಪಾತ್ರೆಯ ತುಂಬ ಗಟ್ಟಿ ಸಾರನ್ನು ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟರೆ ಇದು ಎಂದಿಗೂ ಸಾಧ್ಯವಾಗದು. ಹೊರಗಿನಿಂದ ಮುಟ್ಟಿದಾಗ ತಣಿದಂತೆ ಕಂಡರೂ ಸೌಟು ಇಳಿಸಿ ತಳದಿಂದ ಮಗುಚಿದರೆ ನಡುವಿನಿಂದ ಹಬೆ ಏಳುತ್ತದೆ. ದಪ್ಪ ಪದಾರ್ಥದ ಒಳಗಿನಿಂದ ಕಾವು ಹೊರಬರಲು ಬೇಕಾಗುವ ಸಮಯ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಇಮ್ಮಡಿಯಾದರೆ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಇದನ್ನು ತಿರುಗಿಸಿ ನೋಡಿದರೆ ಇಡೀ ಕೆಲಸದ ಗುಟ್ಟು ಸಿಗುತ್ತದೆ: ಹತ್ತು ಸೆಂಟಿಮೀಟರ್ ಆಳದ ಡಬ್ಬಿಯ ಬದಲು ಐದು ಸೆಂಟಿಮೀಟರಿನ ತಟ್ಟೆಗೆ ಸುರಿದ ಅಡುಗೆ ಕಾಲು ಭಾಗದಷ್ಟು ಹೊತ್ತಿನಲ್ಲಿಯೇ ತಣಿಯುತ್ತದೆ. ಹೀಗಾಗಿ ಒಲೆ ಆರಿಸಿದ ಕೂಡಲೇ ಅಡುಗೆಯನ್ನು ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಐದು ಸೆಂಟಿಮೀಟರ್ ಮೀರದಂತೆ ಹರಡಬೇಕು. ಸ್ಟೀಲು ಮತ್ತು ಅಲ್ಯೂಮಿನಿಯಮ್ ತಟ್ಟೆಗಳಲ್ಲಿ ಪ್ಲಾಸ್ಟಿಕ್ಕಿಗಿಂತ ಬೇಗ ತಣಿಯುತ್ತದೆ. ಟೊಮೆಟೊ, ಹುಣಸೆಯಂಥ ಹುಳಿ ಇರುವುದನ್ನು ಮಾತ್ರ ಅಲ್ಯೂಮಿನಿಯಮ್ಮಿಗೆ ಹಾಕಬಾರದು.

ರಸದ ಅಡುಗೆಗೆ ಇನ್ನೂ ಚುರುಕಾದ ದಾರಿಯೆಂದರೆ ಐಸ್ ನೀರಿನ ಸ್ನಾನ. ಸಿಂಕಿನ ಬಿರಡೆ ಹಾಕಿ, ತಣ್ಣೀರು ಮತ್ತು ಐಸ್ ತುಂಬಿ, ಒಳಗಿನ ಅಡುಗೆಯ ಮಟ್ಟಕ್ಕೆ ಹೊರಗಿನ ನೀರು ಬರುವಂತೆ ಪಾತ್ರೆಯನ್ನು ಇಳಿಸಿ, ಕೈಯಾಡಿಸುತ್ತಿರಬೇಕು. ಕೈಯಾಡಿಸದಿದ್ದರೆ ಅಂಚು ಮಾತ್ರ ತಣಿದು ನಡುಭಾಗ ಹಾಗೆಯೇ ಇರುತ್ತದೆ. ಹೊರಗಿನ ನೀರು ಬೆಚ್ಚಗಾದರೆ ಚೆಲ್ಲಿ ಹೊಸದನ್ನು ತುಂಬಬೇಕು.

ಮೂರನೆಯ ಉಪಾಯವೊಂದಿದೆ, ಅದನ್ನು ಅಡುಗೆ ಆರಂಭಿಸುವ ಮೊದಲೇ ಯೋಚಿಸಿರಬೇಕು. ರಸಕ್ಕೆ ಹಾಕಬೇಕಾದ ನೀರಿನಲ್ಲಿ ಒಂದು ಲೀಟರನ್ನು ಹಿಂದಿನ ದಿನವೇ ಕುದಿಸಿ ಆರಿಸಿ, ಶುಭ್ರವಾದ ಅಚ್ಚಿನಲ್ಲಿ ಐಸ್ ಮಾಡಿಟ್ಟು, ಅಡುಗೆಯನ್ನು ಅಷ್ಟು ಗಟ್ಟಿಯಾಗಿಯೇ ಬೇಯಿಸಿ, ಇಳಿಸಿದ ಮೇಲೆ ಆ ಐಸನ್ನು ಸೇರಿಸಿ ಕಲಕುವುದು. ಮಂಜು ಕರಗುವಾಗ ಹೀರುವ ಶಾಖ ಬಹಳ ಹೆಚ್ಚು: 90 ಡಿಗ್ರಿಯಲ್ಲಿರುವ ನಾಲ್ಕು ಕಿಲೋ ಅಡುಗೆಗೆ ಒಂದು ಕಿಲೋ ಐಸ್ ಬೆರೆಸಿದರೆ, ಅಡುಗೆಯನ್ನು ನೀರೆಂದೇ ಲೆಕ್ಕ ಹಿಡಿದಾಗ, ಐಸ್ ಕರಗಿ ಮುಗಿಯುವಷ್ಟರಲ್ಲಿ ಅದು ಸುಮಾರು 56 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದೇ ಪಾತ್ರೆ ತಾನೇ ಆರಲಿ ಎಂದು ಬಿಟ್ಟರೆ ಅಲ್ಲಿಗೆ ಬರಲು ಬಹಳ ಹೊತ್ತು ಬೇಕು.

ಅನ್ನವನ್ನು ದೊಡ್ಡ ತಟ್ಟೆಗೆ ಹಾಕಿ, ಎರಡು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಮೆಲ್ಲನೆ ಹರವಿ, ಫ್ಯಾನಿನ ಗಾಳಿಗೆ ಇಟ್ಟರೆ ಹಬೆ ಬೇಗನೆ ಹಾರಿ ಅಗುಳು ಬಿಡಿಬಿಡಿಯಾಗುತ್ತದೆ. ಉಗುರುಬೆಚ್ಚಗಿನ ಹದಕ್ಕೂ ಕೆಳಗೆ ಬಂದ ಕೂಡಲೇ ಚೀಲಕ್ಕೆ ತುಂಬಿ ಫ್ರೀಜರಿಗೆ ಸೇರಿಸಬೇಕು. ಫ್ರಿಜ್‌ನಲ್ಲಿ ಒಂದು ದಿನ ಇಟ್ಟು ಮಾರನೆಯ ದಿನ ಫ್ರೀಜರಿಗೆ ಹಾಕಿದ ಅನ್ನಕ್ಕಿಂತ ನೇರವಾಗಿ ಹಾಕಿದ ಅನ್ನವೇ ಮೃದುವಾಗಿರುತ್ತದೆ. ಅನ್ನದ ಪಿಷ್ಟ ಬಿರುಸಾಗುವ ಕ್ರಿಯೆ ಫ್ರಿಜ್‌ನ ಉಷ್ಣತೆಯಲ್ಲಿಯೇ ಅತಿ ವೇಗ. ಬ್ರೆಡ್ಡಿಗೂ ಇದೇ ಮಾತು ಸಲ್ಲುತ್ತದೆ.

ಬಿಸಿ ಅಡುಗೆಯನ್ನು ಫ್ರಿಜ್‌ಗೆ ಇಡಲೇಬಾರದು ಎಂಬ ನಂಬಿಕೆಯಿಂದ ಪೂರ್ತಿ ಆರುವ ತನಕ ಹೊರಗೆ ಕಾಯುವವರಿದ್ದಾರೆ. ಹಾಗೆ ಕಾಯುವ ಅಗತ್ಯವಿಲ್ಲ. ಆಳವಿಲ್ಲದ ತಟ್ಟೆಯಲ್ಲಿ ಹಬೆ ನಿಂತ ಮೇಲೆ, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ, ಸುತ್ತ ಗಾಳಿಯಾಡುವಂತೆ ಫ್ರಿಜ್‌ನಲ್ಲಿಡಬಹುದು. ಪೂರ್ತಿ ತಣ್ಣಗಾದ ಬಳಿಕ ಮುಚ್ಚಿ ಫ್ರೀಜರಿಗೆ ವರ್ಗಾಯಿಸಬೇಕು. ನೇರವಾಗಿ ಒಲೆಯಿಂದ ಫ್ರೀಜರಿಗೆ ದೊಡ್ಡ ಬಿಸಿ ಪಾತ್ರೆ ಇಡುವುದು ಮಾತ್ರ ತಪ್ಪು, ಏಕೆಂದರೆ ಅದರ ಕಾವಿಗೆ ಅಕ್ಕಪಕ್ಕದ ಪೊಟ್ಟಣಗಳ ಮೇಲ್ಮೈ ಕರಗಿ ಮತ್ತೆ ಗಟ್ಟಿಯಾಗುತ್ತದೆ.

ಫ್ರೀಜರಿಗೆ ಒಂದು ದಿನದಲ್ಲಿ ಎಷ್ಟು ಹೊಸ ಆಹಾರ ತುಂಬಬಹುದು ಎಂಬುದಕ್ಕೂ ಮಿತಿಯಿದೆ. ಪ್ರತಿ 30 ಲೀಟರ್ ಜಾಗಕ್ಕೆ ಸುಮಾರು ಒಂದರಿಂದ ಒಂದೂವರೆ ಕಿಲೋ ಎಂಬುದು ಸಾಮಾನ್ಯ ಅಳತೆ. ಅಂದರೆ 60 ಲೀಟರಿನ ಫ್ರೀಜರಿಗೆ ದಿನಕ್ಕೆ ಎರಡರಿಂದ ಮೂರು ಕಿಲೋ. ಒಂದೇ ಭಾನುವಾರ ಹತ್ತು ಕಿಲೋ ಅಡುಗೆ ಮಾಡಿ ತುಂಬುವ ಉತ್ಸಾಹಕ್ಕೆ ಈ ಅಳತೆ ಕಡಿವಾಣ ಹಾಕುತ್ತದೆ, ಮತ್ತು ಹಾಕಬೇಕು ಕೂಡ. ವಾರಕ್ಕೆ ಎರಡು ದಿನ, ಹೇಗೂ ಮಾಡುವ ಅಡುಗೆಯನ್ನೇ ಮೂರು ಪಟ್ಟು ಮಾಡುವವರ ಫ್ರೀಜರ್ ಹೆಚ್ಚು ಆಯಾಸವಿಲ್ಲದೆ ತುಂಬಿರುತ್ತದೆ.

ತುಂಬುವುದು ಮತ್ತು ಗುರುತು ಹಾಕುವುದು

ನೀರು ಮಂಜಾಗುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಡಬ್ಬಿಯ ಕಂಠದವರೆಗೆ ಸಾರು ತುಂಬಿದರೆ ಮುಚ್ಚಳ ಎದ್ದುಹೋಗುತ್ತದೆ, ಗಾಜಾದರೆ ಸೀಳುತ್ತದೆ. ಎರಡು ಸೆಂಟಿಮೀಟರ್ ಜಾಗ ಬಿಡಬೇಕು. ಗಾಜಿನ ಬಾಟಲಿಯಲ್ಲಿಡುವವರು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಫ್ರೀಜರಿಗೆ ಯೋಗ್ಯವೆಂದು ಬರೆದಿರುವ ಬಾಟಲಿಯನ್ನೇ ಬಳಸಬೇಕು. ಕತ್ತು ಕಿರಿದಾಗಿರುವ ಬಾಟಲಿ ಒಡೆಯುವುದು ಆ ಕತ್ತಿನ ಬಳಿಯೇ.

ಗಾಳಿ ಪೊಟ್ಟಣದೊಳಗೆ ಉಳಿದಷ್ಟೂ ಕೇಡು. ಫ್ರೀಜರಿನ ಒಣಗಾಳಿಗೆ ಆಹಾರದ ಮೇಲ್ಮೈಯ ಮಂಜು ನೀರಾಗದೆಯೇ ನೇರವಾಗಿ ಆವಿಯಾಗಿ ಹೋಗಿ, ಆ ಭಾಗ ಬೂದುಬಣ್ಣಕ್ಕೆ ತಿರುಗಿ ಚರ್ಮದಂತೆ ಒಣಗುತ್ತದೆ. ಅಂಥದನ್ನು ತಿಂದರೆ ಅಪಾಯವೇನೂ ಇಲ್ಲ, ರುಚಿಯೂ ಇಲ್ಲ. ಝಿಪ್ ಚೀಲದಿಂದ ಗಾಳಿ ತೆಗೆಯಲು ಯಂತ್ರ ಬೇಕಿಲ್ಲ: ಚೀಲದ ಬಾಯಿಯನ್ನು ಒಂದು ಬೆರಳು ಹಿಡಿಸುವಷ್ಟು ಮಾತ್ರ ಬಿಟ್ಟು ಮುಚ್ಚಿ, ಬಾಯಿ ಮೇಲಿರುವಂತೆ ಹಿಡಿದು ನೀರು ತುಂಬಿದ ಬೋಗುಣಿಯಲ್ಲಿ ನಿಧಾನವಾಗಿ ಇಳಿಸಿದರೆ, ನೀರಿನ ಒತ್ತಡಕ್ಕೆ ಚೀಲ ಒಳಗಿನ ಪದಾರ್ಥಕ್ಕೆ ಅಂಟಿಕೊಳ್ಳುತ್ತ ಗಾಳಿ ಆ ಸಂದಿನಿಂದ ಹೊರಟುಹೋಗುತ್ತದೆ. ನೀರು ಅಂಚಿಗೆ ಬರುವ ಮೊದಲು ಒತ್ತಿ ಮುಚ್ಚಬೇಕು.

ರಸದ ಅಡುಗೆಯನ್ನು ಚೀಲಕ್ಕೆ ಹಾಕಿ, ಟ್ರೇ ಮೇಲೆ ಮಲಗಿಸಿ, ಅಂಗೈಯಿಂದ ಒತ್ತಿ ಎರಡು ಸೆಂಟಿಮೀಟರ್ ದಪ್ಪದ ಹಲಗೆಯಂತೆ ಸಮಮಾಡಿ ಗಟ್ಟಿಯಾಗಲು ಬಿಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ವಿಧಾನ. ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಗಟ್ಟಿಯಾದ ಮೇಲೆ ಪುಸ್ತಕಗಳಂತೆ ನಿಲ್ಲಿಸಿ ಜೋಡಿಸಿದರೆ ಜಾಗವೂ ಕಡಿಮೆ ಸಾಕು. ಮಸಾಲೆಯನ್ನು ಐಸಿನ ಅಚ್ಚಿನಲ್ಲಿ ಗಟ್ಟಿಮಾಡಿ, ಆ ಗಟ್ಟಿಗಳನ್ನು ಚೀಲಕ್ಕೆ ತುಂಬಿಟ್ಟರೆ ಬೇಕಾದಷ್ಟೇ ತೆಗೆಯಬಹುದು. ಬಟಾಣಿ, ಮಾಂಸದ ಉಂಡೆ ಮುಂತಾದವನ್ನು ಟ್ರೇ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿದರೆ ಮುದ್ದೆಗಟ್ಟುವುದಿಲ್ಲ. ಒಂದು ಪೊಟ್ಟಣವೆಂದರೆ ಒಂದು ಹೊತ್ತಿಗೆ ಒಬ್ಬರಿಗೆ ಅಥವಾ ಇಬ್ಬರಿಗೆ ಆಗುವಷ್ಟೇ ಇರಬೇಕು.

ಗುರುತಿನ ಚೀಟಿಯನ್ನು ಚೀಲ ಒಣಗಿರುವಾಗಲೇ, ತುಂಬುವ ಮೊದಲೇ ಅಂಟಿಸಬೇಕು. ತಣ್ಣಗೆ ಒದ್ದೆಯಾದ ಮೇಲೆ ಅಂಟು ಹಿಡಿಯುವುದಿಲ್ಲ. ಅಡುಗೆಯ ಹೆಸರು, ತಾರೀಕು, ಎಷ್ಟು ಜನಕ್ಕೆ, ಬಿಸಿ ಮಾಡುವಾಗ ಏನು ಸೇರಿಸಬೇಕು ಎಂಬ ನಾಲ್ಕು ವಿಷಯ ಅಳಿಸದ ಪೆನ್ನಿನಲ್ಲಿ ಬರೆದಿರಬೇಕು. ಗಟ್ಟಿಯಾದ ಮೇಲೆ ಟೊಮೆಟೊ ಸಾರು ಯಾವುದು, ಖೈಮಾ ಯಾವುದು ಎಂದು ಬಣ್ಣ ನೋಡಿ ಹೇಳಲಾಗುವುದಿಲ್ಲ. ಸೂಪು, ಸಾರು, ಮಾಂಸದ ಅಡುಗೆಗಳನ್ನು ಎರಡು ಮೂರು ತಿಂಗಳೊಳಗೆ ಮುಗಿಸುವುದು ಉತ್ತಮ. ಕೊಬ್ಬು ಹೆಚ್ಚಿರುವುದು, ಉಪ್ಪು ಹೆಚ್ಚಿರುವುದು ಮೊದಲು ಕಮಟಾಗುತ್ತವೆಯಾದ್ದರಿಂದ ಅವುಗಳ ಸರದಿ ಮೊದಲು.

ತೆಗೆದು ಬಳಸುವುದು

ಎರಡು ಸೆಂಟಿಮೀಟರ್ ದಪ್ಪದ ಹಲಗೆಯಾಗಿ ಗಟ್ಟಿಮಾಡಿದ ಸಾರನ್ನು ಕರಗಿಸಿಕೊಳ್ಳುವ ಗೋಜೇ ಇಲ್ಲ. ಚೀಲವನ್ನು ಅರ್ಧ ನಿಮಿಷ ನಲ್ಲಿಯ ಕೆಳಗೆ ಹಿಡಿದರೆ ಮೈ ಬಿಡುತ್ತದೆ. ಎರಡು ತುಂಡು ಮಾಡಿ, ತಳದಲ್ಲಿ ಸ್ವಲ್ಪ ನೀರು ಹಾಕಿದ ಪಾತ್ರೆಗೆ ಇಳಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಕರಗಿಸಿ, ಆಮೇಲೆ ಉರಿ ಹೆಚ್ಚಿಸಿ ಚೆನ್ನಾಗಿ ಕುದಿಸಬೇಕು. ದಪ್ಪ ಡಬ್ಬಿಯಲ್ಲಿಟ್ಟದ್ದನ್ನಾದರೆ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಬೇಕು. ಎರಡು ಕಿಲೋದ ಗಟ್ಟಿಗೆ ಪೂರ್ತಿ ಒಂದು ದಿನ ಹಿಡಿಯಬಹುದು. ಅವಸರವಿದ್ದರೆ ನೀರು ಸೋರದ ಚೀಲದಲ್ಲಿ ತಣ್ಣೀರಿಗೆ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು, ಕರಗಿದ ಕೂಡಲೇ ಬಿಸಿ ಮಾಡಬೇಕು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕರಗಿಸುವುದು ಬೇಡ: ನಡುವೆ ಇನ್ನೂ ಕಲ್ಲಿನಂತಿರುವಾಗಲೇ ಅಂಚು ಬ್ಯಾಕ್ಟೀರಿಯಾಗಳಿಗೆ ಹಿತವಾದ ಉಷ್ಣತೆಗೆ ಬಂದಿರುತ್ತದೆ.

ಬಿಸಿ ಮಾಡುವಾಗ ನಡುಭಾಗ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದವರು ಎಲ್ಲ ಕಡೆಯಿಂದಲೂ ಗುಳ್ಳೆ ಏಳುವಂತೆ ಕುದಿಸಿದರೆ ಸಾಕು. ಮೈಕ್ರೋವೇವಿನಲ್ಲಿ ಒಂದು ಕಡೆ ಸುಡುತ್ತಿದ್ದರೆ ಪಕ್ಕದಲ್ಲಿಯೇ ತಣ್ಣಗಿರುವುದು ಸಾಮಾನ್ಯ. ನಡುವೆ ನಿಲ್ಲಿಸಿ ಕಲಕಿ, ಕೊನೆಗೆ ಎರಡು ನಿಮಿಷ ಮುಚ್ಚಿಡಬೇಕು. ಅನ್ನಕ್ಕೆ ಒಂದೆರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಹಬೆಯಲ್ಲಿ ಮೆತ್ತಗಾಗುತ್ತದೆ. ಒಮ್ಮೆ ಬಿಸಿ ಮಾಡಿದ್ದರಲ್ಲಿ ಮಿಕ್ಕದ್ದನ್ನು ಮತ್ತೆ ಫ್ರೀಜರಿಗೆ ಸೇರಿಸಕೂಡದು. ಫ್ರಿಜ್‌ನಲ್ಲಿಯೇ ಕರಗಿ ಇನ್ನೂ ತಣ್ಣಗೆ ಉಳಿದಿರುವುದನ್ನು ಮರಳಿ ಗಟ್ಟಿ ಮಾಡುವುದರಿಂದ ಆರೋಗ್ಯಕ್ಕೆ ಕೇಡಿಲ್ಲವಾದರೂ ಪ್ರತಿ ಸಲವೂ ನೀರು ಬಸಿದು ರುಚಿ ಇಳಿಯುತ್ತದೆ; ಅದನ್ನು ಮರುದಿನವೇ ಬಳಸುವುದು ಲೇಸು, ಮೂರು ನಾಲ್ಕು ದಿನ ಮೀರಬಾರದು.

ಕರೆಂಟು ಹೋದಾಗ ಮಾಡಬೇಕಾದ ಮೊದಲ ಕೆಲಸ ಬಾಗಿಲು ತೆರೆಯದಿರುವುದು. ತುಂಬಿದ ಫ್ರೀಜರ್ ಮುಚ್ಚಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಶೀತ ಹಿಡಿದುಕೊಳ್ಳುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಇಟ್ಟಿದ್ದರೆ ಅವೂ ನೆರವಾಗುತ್ತವೆ. ಕರೆಂಟು ಬಂದ ಮೇಲೆ ಒಂದೊಂದೇ ಪೊಟ್ಟಣವನ್ನು ಒತ್ತಿ ನೋಡಬೇಕು: ಒಳಗೆ ಮಂಜಿನ ಹರಳು ಇನ್ನೂ ಕೈಗೆ ಸಿಗುತ್ತಿದ್ದರೆ ಅಥವಾ ಉಷ್ಣತೆ 4 ಡಿಗ್ರಿಯೊಳಗೇ ಇದ್ದರೆ ಹಾಗೆಯೇ ಮತ್ತೆ ಗಟ್ಟಿಯಾಗಲು ಬಿಡಬಹುದು, ಅದಕ್ಕಿಂತ ಹೆಚ್ಚಾಗಿ ಎರಡು ಗಂಟೆ ದಾಟಿದ್ದರೆ, ವಾಸನೆ ಚೆನ್ನಾಗಿಯೇ ಇದ್ದರೂ, ಎಸೆಯಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಹೀಗಾಗಿದ್ದರೆ ತಿಳಿಯುವುದಕ್ಕೆ ಸುಲಭವಾದ ಏರ್ಪಾಡೊಂದಿದೆ. ಸಣ್ಣ ಲೋಟದಲ್ಲಿ ನೀರನ್ನು ಮಂಜುಗಟ್ಟಿಸಿ, ಅದರ ಮೇಲೊಂದು ನಾಣ್ಯವಿಟ್ಟು ಫ್ರೀಜರಿನಲ್ಲಿಯೇ ಬಿಟ್ಟು ಊರಿಗೆ ಹೋಗುವುದು; ಹಿಂದಿರುಗಿದಾಗ ನಾಣ್ಯ ಲೋಟದ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ, ಒಳಗಿನದೆಲ್ಲ ಒಮ್ಮೆ ಕರಗಿ ಮತ್ತೆ ಮಂಜಾಗಿದೆ ಎಂದು ತಿಳಿದು, ಅಡುಗೆಯ ಪೊಟ್ಟಣಗಳನ್ನು ಕಸಕ್ಕೆ ಹಾಕಬೇಕು.